ನಿದ್ದೆಯ ಹಕ್ಕಿಗೆ ಭಾಷೆಯ ಹಂಗೇಕೆ?

ಅಂಬತ್ತೂರಿನಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ವಿಚಿತ್ರ ಸಂಕೋಚ ಅಂಟಿಕೊಂಡಿದೆ. ನಡುರಾತ್ರಿಯಲ್ಲಿ ಬೀದಿಯ ಧ್ವನಿವರ್ಧಕ ಕಿಟಕಿಯ ಗಾಜನ್ನು ನಡುಗಿಸಿದರೂ, "ಹೊರಗಿನಿಂದ ಬಂದವರು ನಾವು, ನಮಗೇಕೆ ಊರ ಉಸಾಬರಿ" ಎಂದು ಮಗ್ಗುಲು ಬದಲಿಸುತ್ತಾರೆ. ಈ ವಿನಯವನ್ನು ನಾನು ಒಪ್ಪಲಾರೆ. ತೆರಿಗೆ ಕಟ್ಟುವಾಗ ಇಲ್ಲದ ಪರಕೀಯತೆ ನಿದ್ದೆ ಕೇಳುವಾಗ ಎಲ್ಲಿಂದ ಬಂತು?

1960ರ ದಶಕದಲ್ಲಿ ಎದ್ದ ಇಲ್ಲಿನ ಕೈಗಾರಿಕಾ ವಸಾಹತು ಸಾವಿರಾರು ಮನೆಗಳಿಗೆ ಅನ್ನವಿಟ್ಟಿದೆ. ಅದನ್ನು ಶಪಿಸುವ ಕೃತಘ್ನತೆ ನನ್ನದಲ್ಲ. ಆದರೆ ಕಾನೂನಿನ ಲೆಕ್ಕವನ್ನು ನೋಡಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕೈಗಾರಿಕಾ ವಲಯದ ಮಿತಿ 70 ಡೆಸಿಬೆಲ್, ವಸತಿ ವಲಯದ್ದು 45. ಪ್ರತಿ ಹತ್ತು ಡೆಸಿಬೆಲ್‌ಗೆ ಶಬ್ದದ ಶಕ್ತಿ ಹತ್ತು ಪಟ್ಟಾಗುವುದರಿಂದ ಈ 25ರ ಅಂತರವೆಂದರೆ ಮುನ್ನೂರು ಪಟ್ಟಿಗೂ ಮಿಗಿಲು. ನಕ್ಷೆಯಲ್ಲಿ ಗೆರೆಯೆಳೆದರೆ ಶಬ್ದ ಅಲ್ಲಿಗೇ ನಿಂತೀತೇ? ಸಾಲದ್ದಕ್ಕೆ, ಮಿತಿಗಿಂತ 10 ಡೆಸಿಬೆಲ್ ಹೆಚ್ಚಿದರೆ ದೂರು ಕೊಡಬಹುದೆನ್ನುತ್ತದೆ ನಿಯಮ. ಅಂದರೆ ಹತ್ತು ಪಟ್ಟಿನವರೆಗೂ ಸಹಿಸಿಕೊಳ್ಳಿ ಎಂದರ್ಥ! ಇನ್ನು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಕಾರ್ಮಿಕನ ಪಾಡೇನು? ಅವನ ಇರುಳು ಈ ನಿಯಮದ ಗಡಿಯಾರದಲ್ಲಿ ಇಲ್ಲವೇ ಇಲ್ಲ.

ಆದರೂ ಇದೇ ಚೆನ್ನೈನ ಕೆ.ಕೆ.ಆರ್. ಮೆಜೆಸ್ಟಿಕ್ ಕಾಲೊನಿಯ ನಿವಾಸಿಗಳ ಸಂಘ, ನೆರೆಯ ಪ್ರಾರ್ಥನಾಲಯದ ಧ್ವನಿವರ್ಧಕದ ವಿರುದ್ಧ ಹೋರಾಡಿ ಗೆದ್ದಿತು. ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು 2000ದ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಮಾತು ಗುಡಿಗೂ ಮಸೀದಿಗೂ ಸಲ್ಲುತ್ತದೆ. 2005ರಲ್ಲಿ ಅದೇ ನ್ಯಾಯಾಲಯ, ಸದ್ದಿಲ್ಲದ ಬದುಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆಯೆಂದಿತು. ಆ ವಿಧಿ ಪ್ರತಿ ವ್ಯಕ್ತಿಗೂ ಸಲ್ಲುತ್ತದೆ. ಅವನ ಮನೆಮಾತನ್ನು ಕೇಳುವುದಿಲ್ಲ.

ಹಾಗೆಂದು ಬೆರಳು ತೋರಿಸುವ ಮುನ್ನ ನಮ್ಮ ಅಂಗಳವನ್ನೂ ಗುಡಿಸಬೇಕು. ರಾಜ್ಯೋತ್ಸವದ ವಾದ್ಯಗೋಷ್ಠಿ ರಾತ್ರಿ ಹನ್ನೊಂದಾದರೂ ಬಯಲಲ್ಲಿ ಮೊರೆಯುತ್ತಿದ್ದರೆ ಅದು ನಾಡಭಕ್ತಿಯಲ್ಲ, ಪಕ್ಕದ ಮನೆಯ ಮಗುವಿನ ಪರೀಕ್ಷೆಗೆ ಮಾಡಿದ ದ್ರೋಹ. ಕನ್ನಡವನ್ನು ಕಿರುಚಿ ಉಳಿಸಬೇಕಾಗಿಲ್ಲ. ಹೊರನಾಡಿನ ಸಂಘಗಳೆಲ್ಲ ಈ ನವೆಂಬರಿನಿಂದಲೇ ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸುವ ನಿರ್ಣಯ ಕೈಗೊಳ್ಳಲಿ. ಅನಂತರ ಬೀದಿಯ ಸದ್ದಿನ ಬಗ್ಗೆ ಪೊಲೀಸರಿಗೆ ಅರ್ಜಿ ಕೊಡೋಣ. ತಮಿಳಿನಲ್ಲಿಯೇ ಬರೆಯೋಣ, ನೆರೆಮನೆಯ ತಮಿಳರ ಸಹಿಯನ್ನೂ ಕೇಳೋಣ. ಅವರೂ ನಮ್ಮಷ್ಟೇ ನಿದ್ದೆಗೆಟ್ಟವರು.