ನಾಗಸಾಕಿಯಿಂದ ಜುವಾರಿ ತೀರದವರೆಗೆ: ಎರಡು ಹಡಗುಕಟ್ಟೆಗಳ ಪಾಠ

ವಾಸ್ಕೊ ಪಟ್ಟಣದ ಕನ್ನಡ ಮನೆಗಳ ಮಕ್ಕಳಿಗೆ ಹಡಗು ಅಪರೂಪದ ನೋಟವೇನಲ್ಲ. ಮುರ್ಮುಗೋವ ಬಂದರಿಗೆ ಬರುವ ಸರಕು ಹಡಗುಗಳು, ಜುವಾರಿ ನದಿಯ ಮುಖದಲ್ಲಿ ಲಂಗರು ಹಾಕಿ ನಿಂತ ಬಾರ್ಜುಗಳು, ನೌಕಾಪಡೆಯ ಬೂದುಬಣ್ಣದ ನೌಕೆಗಳು ಅವರ ದಿನಚರಿಯಲ್ಲಿ ಬೆರೆತುಹೋಗಿವೆ. ಆದರೆ ಹಡಗೊಂದು ಯಾರ ಕೈಯಲ್ಲಿ, ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಬಲ್ಲವರು ವಿರಳ. ಅದಕ್ಕೆ ಉತ್ತರ ಅದೇ ಊರಿನ ತೀರದಲ್ಲಿರುವ ಗೋವಾ ಶಿಪ್‌ಯಾರ್ಡ್ ಲಿಮಿಟೆಡ್ ಎಂಬ ಹಡಗುಕಟ್ಟೆಯಲ್ಲಿದೆ. ಅದರ ಚರಿತ್ರೆಯನ್ನು ಅರಿಯಲು ಅದಕ್ಕಿಂತ ಸರಿಯಾಗಿ ನೂರು ವರ್ಷ ಹಿರಿಯದಾದ ಜಪಾನಿನ ಹಡಗುಕಟ್ಟೆಯೊಂದನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಜಪಾನಿನ ತೀರಕ್ಕೆ ಬಂದು ನಿಂತಾಗ, ತನ್ನಲ್ಲಿ ಅಂಥ ಹಡಗುಗಳಿಲ್ಲವೆಂಬ ಅರಿವು ಆ ದೇಶವನ್ನು ಬೆಚ್ಚಿಬೀಳಿಸಿತು. 1855ರಲ್ಲಿ ನಾಗಸಾಕಿಯಲ್ಲಿ ನೌಕಾ ತರಬೇತಿ ಕೇಂದ್ರವೊಂದು ಆರಂಭವಾಯಿತು. ಗುರುಗಳು ಡಚ್ಚರು. ಅವರ ಮಾತು ಶಿಷ್ಯರಿಗೆ ತಿಳಿಯದು. ನಡುವೆ ದುಭಾಷಿಗಳು ನಿಂತು ಪಾಠವನ್ನು ಜಪಾನಿ ಭಾಷೆಗೆ ತಿರುಗಿಸಬೇಕಾಯಿತು. 1857ರಲ್ಲಿ ಡಚ್ ಎಂಜಿನಿಯರ್ ಹೆಂಡ್ರಿಕ್ ಹಾರ್ಡೆಸ್ ಅವರ ಮಾರ್ಗದರ್ಶನದಲ್ಲಿ ಅಲ್ಲಿಯೇ ಕಬ್ಬಿಣದ ಕೆಲಸದ ಕಾರ್ಖಾನೆಯ ನಿರ್ಮಾಣ ತೊಡಗಿ, 1861ರಲ್ಲಿ ಪೂರ್ಣಗೊಂಡಿತು. ಅದರ ಮೊದಲ ಕಾಯಕ ಹೊಸ ಹಡಗನ್ನು ಕಟ್ಟುವುದಲ್ಲ, ಇದ್ದ ಹಡಗುಗಳನ್ನು ದುರಸ್ತಿ ಮಾಡುವುದು.

ಸರ್ಕಾರದ ಈ ಸ್ವತ್ತನ್ನು 1884ರಲ್ಲಿ ಇವಾಸಾಕಿ ಯಾತಾರೊ ಅವರ ಮಿತ್ಸುಬಿಶಿ ಸಂಸ್ಥೆ ಗುತ್ತಿಗೆಗೆ ಪಡೆಯಿತು; 1887ರಲ್ಲಿ ಖರೀದಿಸಿತು. 1898ರಲ್ಲಿ ಅಲ್ಲಿ ಆರು ಸಾವಿರ ಟನ್ನಿಗೂ ಮಿಕ್ಕಿದ 'ಹಿತಾಚಿ ಮಾರು' ಎಂಬ ಹಡಗು ಸಿದ್ಧವಾಯಿತು. ಅದರ ನಿರ್ಮಾಣ ಸುಗಮವಾಗಿರಲಿಲ್ಲ. ತಗಡುಗಳನ್ನು ಬೆಸೆದ ರಿವೆಟ್‌ಗಳ ಬಗ್ಗೆ ಲಾಯ್ಡ್ಸ್ ಸಂಸ್ಥೆಯ ಪರೀಕ್ಷಕನು ಆಕ್ಷೇಪವೆತ್ತಿದ್ದರಿಂದ ಹಡಗು ಒಡೆಯರ ಕೈಸೇರುವುದು ತಡವಾಯಿತು. ಮರುವರ್ಷವೇ, ಅಂದರೆ 1899ರಲ್ಲಿ, ಮಿತ್ಸುಬಿಶಿಯು ನಾಗಸಾಕಿಯಲ್ಲಿ ಎಳೆಯರಿಗಾಗಿ ಕೈಗಾರಿಕಾ ಶಾಲೆಯೊಂದನ್ನು ತೆರೆಯಿತು. ಕಟ್ಟುವ ಕೈಗಳನ್ನು ಎಳವೆಯಿಂದಲೇ ಸಿದ್ಧಗೊಳಿಸದೆ ದೊಡ್ಡ ಹಡಗು ಸಿದ್ಧವಾಗದು ಎಂಬ ತಿಳಿವಳಿಕೆ ಆ ಕ್ರಮದಲ್ಲಿ ಕಾಣುತ್ತದೆ.

1934ರಲ್ಲಿ ಮಿತ್ಸುಬಿಶಿ ಹೆವಿ ಇಂಡಸ್ಟ್ರೀಸ್ ಎಂಬ ಹೆಸರು ಬಂದಿತು. ಆ ಹೆಸರಿನ ಚರಿತ್ರೆಯಲ್ಲಿ ಕತ್ತಲೆಯೂ ಇದೆ. 'ಮುಸಾಶಿ' ಎಂಬ ಬೃಹತ್ ಯುದ್ಧನೌಕೆ ನಾಗಸಾಕಿಯಲ್ಲೇ ಕಟ್ಟಲ್ಪಟ್ಟಿತು. ಯುದ್ಧಕಾಲದಲ್ಲಿ ಕೊರಿಯದ ಜನರನ್ನು ಬಲವಂತವಾಗಿ ತಂದು ದುಡಿಸಿಕೊಳ್ಳಲಾಯಿತು. 1945ರ ಆಗಸ್ಟ್ 9ರಂದು ಆ ನಗರದ ಮೇಲೆ ಪರಮಾಣು ಬಾಂಬು ಬಿದ್ದಿತು. ಹೀಗಿದ್ದೂ ಹನ್ನೊಂದೇ ವರ್ಷಗಳಲ್ಲಿ, 1956ರಲ್ಲಿ, ಜಪಾನ್ ಬ್ರಿಟನ್ನನ್ನು ಹಿಂದಿಕ್ಕಿ ಹಡಗು ನಿರ್ಮಾಣದಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿತು. ಕಟ್ಟಡಗಳು ಉರುಳಿದ್ದರೂ ಕಲಿತ ಕೈಗಳು ಕಸುಬನ್ನು ಮರೆತಿರಲಿಲ್ಲ.

ಹಡಗಿಗೆ ಉಕ್ಕು ಬೇಕು, ಉಕ್ಕಿಗೆ ಅದಿರು ಬೇಕು. ಇಲ್ಲಿಂದ ಕಥೆ ಗೋವಾಕ್ಕೆ ತಿರುಗುತ್ತದೆ. 1950ರ ದಶಕದಲ್ಲಿ ಜಪಾನಿನ ಉಕ್ಕಿನ ಕಾರ್ಖಾನೆಗಳು ಗೋವಾದ ಕಬ್ಬಿಣದ ಅದಿರಿಗೆ ದೊಡ್ಡ ಗ್ರಾಹಕರಾದವು. ಒಳನಾಡಿನ ಗಣಿಗಳಿಂದ ಮಾಂಡೋವಿ ಮತ್ತು ಜುವಾರಿ ನದಿಗಳ ಮೂಲಕ ಬಾರ್ಜುಗಳು ಅದಿರನ್ನು ಮುರ್ಮುಗೋವಕ್ಕೆ ತಂದು ಸುರಿದವು. ಬಾರ್ಜುಗಳು ಹೆಚ್ಚಿದಂತೆ ಅವುಗಳನ್ನು ಕಟ್ಟುವ, ದುರಸ್ತಿ ಮಾಡುವ ಸ್ಥಳ ಅನಿವಾರ್ಯವಾಯಿತು. ಪೋರ್ಚುಗೀಸ್ ಆಡಳಿತವು 1957ರಲ್ಲಿ ವಾಸ್ಕೊದಲ್ಲಿ 'ಎಸ್ತಲೆಯಿರೊಸ್ ನವಾಯಿಸ್ ದ ಗೋವಾ' ಎಂಬ ಹೆಸರಿನಲ್ಲಿ ಹಡಗುಕಟ್ಟೆಯನ್ನು ಸ್ಥಾಪಿಸಿತು.

1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಂಡಿತು. ಕಟ್ಟೆಯು ಭಾರತ ಸರ್ಕಾರದ ವಶಕ್ಕೆ ಬಂದು, ಮುಂಬಯಿಯ ಮಜಗಾಂವ್ ಡಾಕ್ ಸಂಸ್ಥೆಗೆ ಗುತ್ತಿಗೆಯ ಮೇಲೆ ವಹಿಸಲ್ಪಟ್ಟಿತು. ಗುತ್ತಿಗೆಯೆಂದರೆ ಒಡೆತನವಲ್ಲ, ಬಳಕೆಯ ಹಕ್ಕು ಮಾತ್ರ. ನಾಗಸಾಕಿಯ ಕಟ್ಟೆಯಂತೆಯೇ ಇದೂ ಸರ್ಕಾರದ ಸ್ವತ್ತಾಗಿ ಹುಟ್ಟಿ, ಗುತ್ತಿಗೆಯ ಮೂಲಕ ಅನುಭವಿಗಳ ಕೈಸೇರಿತು. ಮುಂದಿನ ದಾರಿ ಬೇರೆಯಾಯಿತು: ಅದು ಖಾಸಗಿ ಸಂಸ್ಥೆಯ ಪಾಲಾಯಿತು, ಇದು 1967ರಲ್ಲಿ ಗೋವಾ ಶಿಪ್‌ಯಾರ್ಡ್ ಎಂಬ ಹೆಸರು ಪಡೆದು ಸಾರ್ವಜನಿಕ ಸ್ವಾಮ್ಯದ ಕಂಪನಿಯಾಗಿ ಉಳಿಯಿತು.

ಬಾರ್ಜುಗಳಿಂದ ತೊಡಗಿದ ಈ ಕಟ್ಟೆಯ ಏರಿಕೆ ಮೆಟ್ಟಿಲು ಮೆಟ್ಟಿಲಾಗಿ ನಡೆದಿದೆ. 1996ರಲ್ಲಿ ಕರಾವಳಿ ಕಾವಲು ಪಡೆಗೆ 'ಸಮರ್' ಎಂಬ ಗಸ್ತು ನೌಕೆ ಸೇರಿತು. 1997ರಲ್ಲಿ ಮೂರು ಕೂವೆಮರಗಳ ತರಬೇತಿ ಹಾಯಿಹಡಗು 'ತರಂಗಿಣಿ' ನೌಕಾಪಡೆಯ ಸೇವೆಗೆ ಬಂದಿತು. 2003-04ರಲ್ಲಿ ಅದು ಭೂಪ್ರದಕ್ಷಿಣೆಯನ್ನೇ ಮುಗಿಸಿತು. 2013ರಲ್ಲಿ 105 ಮೀಟರ್ ಉದ್ದದ 'ಸರಯೂ' ಬಂದಿತು. ಶ್ರೀಲಂಕೆ, ಮಾರಿಷಸ್‌ಗಳಿಗೂ ಇಲ್ಲಿಂದ ಗಸ್ತು ನೌಕೆಗಳು ಹೋದವು. 2019ರ ಜನವರಿಯಲ್ಲಿ ರಷ್ಯಾದ ವಿನ್ಯಾಸದ ಎರಡು ಫ್ರಿಗೇಟ್‌ಗಳನ್ನು ಕಟ್ಟುವ ಒಪ್ಪಂದವಾಯಿತು. 2024ರ ಜುಲೈ 23ರಂದು 'ತ್ರಿಪುಟ್', 2025ರ ಮಾರ್ಚ್ 22ರಂದು 'ತವಸ್ಯ' ನೀರಿಗಿಳಿದವು. ಮೊದಲನೆಯದಕ್ಕೆ ಬಾಣದ ಹೆಸರು, ಎರಡನೆಯದಕ್ಕೆ ಭೀಮನ ಗದೆಯ ಹೆಸರು. ತ್ರಿಪುಟ್‌ನ ಉದ್ದ 124.8 ಮೀಟರ್. ಬಾರ್ಜು ರಿಪೇರಿಗೆಂದು ಹುಟ್ಟಿದ ಅಂಗಳ ಅಲ್ಲಿಗೆ ತಲುಪಲು ಅರವತ್ತೇಳು ವರ್ಷ ಬೇಕಾದವು.

ಜಪಾನಿನ ಜ್ಞಾನ ನಮ್ಮ ಕರಾವಳಿಗೆ ನೇರವಾಗಿಯೂ ಬಂದಿದೆ. 1970ರ ದಶಕದಲ್ಲಿ ಕೊಚ್ಚಿಯ ಹಡಗುಕಟ್ಟೆ ರೂಪುಗೊಂಡದ್ದು ಮಿತ್ಸುಬಿಶಿಯ ತಾಂತ್ರಿಕ ನೆರವಿನಿಂದ. ಆ ಕೊಚ್ಚಿಯ ಸಂಸ್ಥೆಯೇ 2020ರಲ್ಲಿ ಉಡುಪಿಯ ಮಲ್ಪೆಯಲ್ಲಿದ್ದ ಹಡಗುಕಟ್ಟೆಯನ್ನು ಪಡೆದು ನಡೆಸುತ್ತಿದೆ. ಕಸುಬು ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ಸಾಗುವ ಬಗೆ ಇದು.

ಈ ಸರಪಳಿಯಲ್ಲಿ ಗೋವಾದ ಕನ್ನಡ ಮನೆಗಳ ಸ್ಥಾನವೇನು? ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗದ ರೈಲು ಉತ್ತರ ಕರ್ನಾಟಕದ ದುಡಿಯುವ ಜನರನ್ನು ವಾಸ್ಕೊಗೆ ಕರೆತಂದಿದೆ. ಬಂದರಿನಲ್ಲಿ, ಕಟ್ಟಡಗಳಲ್ಲಿ, ರಸ್ತೆಗಳಲ್ಲಿ ಅವರ ಬೆವರಿದೆ. ಆದರೆ ಹೊರೆ ಹೊರುವ ದುಡಿಮೆಗೂ ಕಲಿತ ಕಸುಬಿಗೂ ಅಂತರವಿದೆ. ಹಡಗಿನ ಒಡಲು ಇಂದು ರಿವೆಟ್‌ಗಳಿಂದಲ್ಲ, ಬೆಸುಗೆಯಿಂದ ಕೂಡುತ್ತದೆ. ಬೆಸುಗೆಯೊಳಗಿನ ಬಿರುಕು ಕಣ್ಣಿಗೆ ಕಾಣದು, ಕ್ಷಕಿರಣದಿಂದ ಪರೀಕ್ಷಿಸಬೇಕು. ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುವ ಬೆಸುಗೆ ಹಾಕಬಲ್ಲವನಿಗೆ ಯಾವ ಬಂದರಿನಲ್ಲಿಯೂ ಗೌರವವಿದೆ.

ಅಂಥ ಕಲಿಕೆಗೆ ಕಾನೂನು ಒಂದು ಬಾಗಿಲನ್ನು ತೆರೆದಿದೆ. ಅದು 1961ರ ಅಪ್ರೆಂಟಿಸ್ ಕಾಯಿದೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮೊದಲಾದ ಕಸುಬುಗಳಲ್ಲಿ ಶಿಷ್ಯವೇತನದೊಡನೆ ತರಬೇತಿ ಪಡೆಯುವ ಅವಕಾಶ ಅದರಲ್ಲಿದೆ. ಅಭ್ಯರ್ಥಿಯು ಅಪ್ರಾಪ್ತ ವಯಸ್ಕನಾಗಿದ್ದರೆ ಕರಾರಿಗೆ ಸಹಿ ಹಾಕಬೇಕಾದವರು ಪೋಷಕರು. ಇಲ್ಲಿ ಮೂರು ಸಂಗತಿಗಳನ್ನು ತಿಳಿದಿರಬೇಕು. ಒಂದು, ಕಾಯಿದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ತರಬೇತಿಯ ಅಭ್ಯರ್ಥಿಯೇ ಹೊರತು ಕಾರ್ಮಿಕನಲ್ಲ. ಎರಡು, ತರಬೇತಿ ಮುಗಿದ ಮಾತ್ರಕ್ಕೆ ಅಲ್ಲಿಯೇ ನೌಕರಿ ಸಿಗಲೇಬೇಕೆಂಬ ಹಕ್ಕು ಹುಟ್ಟದು. ಕರಾರಿನಲ್ಲಿ ಏನು ಬರೆದಿದೆ ಎಂಬುದು ಮುಖ್ಯ. ಮೂರು, ಕರಾರು ಮಾಲೀಕನ ತಪ್ಪಿನಿಂದ ಮುರಿದರೆ ಅಭ್ಯರ್ಥಿಗೆ ಪರಿಹಾರ ಸಲ್ಲಬೇಕು. ಅಭ್ಯರ್ಥಿಯ ತಪ್ಪಿನಿಂದ ಮುರಿದರೆ ತರಬೇತಿಯ ವೆಚ್ಚವನ್ನು ಅವನಿಂದ ಅಥವಾ ಪೋಷಕರಿಂದ ಕೇಳುವ ಅಧಿಕಾರ ಮಾಲೀಕನಿಗಿದೆ. ಆದುದರಿಂದ ತಿಳಿಯದ ಭಾಷೆಯ ಕಾಗದಕ್ಕೆ ಓದಿಸಿಕೊಳ್ಳದೆ ಸಹಿ ಹಾಕುವುದು, ಹೆಬ್ಬೆಟ್ಟೊತ್ತುವುದು ಸಲ್ಲದು. ಅದನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಬಲ್ಲ ಶಿಕ್ಷಕರು ಶಾಲೆಯಲ್ಲೇ ಇರುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ.

ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ಇಂಥ ಕಸುಬು ಎಟುಕದು ಎಂಬ ಅಂಜಿಕೆ ಹಲವು ಮನೆಗಳಲ್ಲಿದೆ. ಅಳತೆ, ಕೋನ, ಲೋಹದ ಗುಣ, ವಿದ್ಯುತ್ತಿನ ನಿಯಮ ಇವು ತಾಯ್ನುಡಿಯಲ್ಲಿ ಮನಸ್ಸಿಗೆ ಹತ್ತಿದರೆ, ಅವುಗಳ ಇಂಗ್ಲಿಷ್ ಹೆಸರುಗಳನ್ನು ಕಲಿಯಲು ಹೆಚ್ಚು ಕಾಲ ಬೇಡ. ಆದರೆ ಆ ಹೆಸರುಗಳನ್ನು ಕಲಿಯದೆಯೂ ನಡೆಯದು. ಎಂಟನೆಯ, ಒಂಬತ್ತನೆಯ ತರಗತಿಯಿಂದಲೇ ಗಣಿತ, ವಿಜ್ಞಾನದ ಪಾಠಗಳ ಜೊತೆಗೆ ಆ ಪದಗಳ ಪಟ್ಟಿಯೊಂದು ಮಗುವಿನ ನೋಟುಪುಸ್ತಕದಲ್ಲಿ ಬೆಳೆಯುತ್ತಾ ಹೋಗಲಿ. ನಾಗಸಾಕಿಯ ಆ ಮೊದಲ ಶಿಷ್ಯರಿಗೆ ಗುರುವಿನ ನುಡಿಯೇ ತಿಳಿದಿರಲಿಲ್ಲ. ಅವರು ದುಭಾಷಿಗಳನ್ನಿಟ್ಟುಕೊಂಡು ಕಲಿತರು, ಕಲಿಯುವುದನ್ನು ಮಾತ್ರ ಬಿಡಲಿಲ್ಲ.