ಬಾಗದ ಹಲಗೆ ಬಾಗಿಸುವ ವಿದ್ಯೆ ಸೇಡಂ ಸೀಮೆಗೂ ಬರಲಿ

ಸೇಡಂ ಸೀಮೆಯ ಕುರಕುಂಟಾದಿಂದ ಶಹಾಬಾದಿನವರೆಗೆ ಎಷ್ಟೋ ಮನೆಗಳ ಒಲೆ ಉರಿದದ್ದು ಪರ್ಸಿಕಲ್ಲಿನ, ಅಂದರೆ ನೆಲಹಾಸಿನ ಕಲ್ಲಿನ, ದುಡಿಮೆಯಿಂದ. ಭೀಮಾ ಕೊಳ್ಳದ ಸುಣ್ಣದಕಲ್ಲು ಇಲ್ಲಿ ಪದರು ಪದರಾಗಿ ಕೂತಿದೆ. ಗಣಿಯವರು ಸಂದು ನೋಡಿ ಉಳಿ ಹೊಡೆದು ಎಬ್ಬಿಸಿದ ಹಾಸು ಮುಂಬೈ, ಪುಣೆ, ಹೈದರಾಬಾದಿನ ಮನೆಗಳಿಗೆ ನೆಲವಾಗಿದೆ. ಈ ಕಲ್ಲು ಮುರಿದೀತೇ ಹೊರತು ಬಾಗದು. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸ್ತೂಪ ಕಟ್ಟಿದವರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಕಷ್ಟವನ್ನು ಎದುರಿಸಿದ್ದರು. ಕಟ್ಟಡ ದುಂಡು, ಹೊದಿಸಬೇಕಾದ ಕಲ್ಲು ಚಪ್ಪಟೆ. ಅವರು ಕೆತ್ತಿದ ಚಪ್ಪಡಿಗಳನ್ನು ಸುತ್ತಲೂ ಒಂದರ ಪಕ್ಕ ಒಂದು ನಿಲ್ಲಿಸಿದರು. ಒಂದೊಂದು ಚಪ್ಪಡಿಯೂ ಪಕ್ಕದ್ದಕ್ಕಿಂತ ಒಂಚೂರು ತಿರುಗಿ ನಿಂತಿತು, ಎಲ್ಲವೂ ಕೂಡಿ ದುಂಡಾಯಿತು. ಗಟ್ಟಿ ವಸ್ತುವಿನಿಂದ ಬಾಗನ್ನು ಪಡೆಯುವ ದಾರಿ ಇಂದಿಗೂ ಇದೇ: ತಿರುವನ್ನು ಒಂದೇ ಕಡೆ ಹೇರದೆ ಹಲವು ಕಡೆ ಹಂಚುವುದು. ಲೇಸರ್ ಕಟಿಂಗ್ ಯಂತ್ರ ಆ ದಾರಿಯನ್ನು ಸಣ್ಣ ಕಾರ್ಯಾಗಾರಕ್ಕೂ ತಂದಿದೆ. ಅದು ಬೆಂಗಳೂರಿನಲ್ಲೇ ಉಳಿಯದೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಬಡಿಗರ ಕೈಗೂ ಸಿಗಬೇಕು, ಅದಕ್ಕೆ ಸಾರ್ವಜನಿಕ ಹಣ ಬಳಕೆಯಾಗಬೇಕು ಎಂಬುದು ನನ್ನ ವಾದ.

ವಿಧಾನ ಹೀಗಿದೆ. ಮೂರು ಮಿಲಿಮೀಟರ್ ದಪ್ಪದ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಾಳೆಯಲ್ಲಿ, ಬಾಗು ಬರಬೇಕಾದ ಜಾಗದಲ್ಲಿ, ಬಾಗಿನ ಅಕ್ಷಕ್ಕೆ ಸಮಾನಾಂತರವಾಗಿ ಆರುಪಾರು ಸೀಳುಗಳನ್ನು ಕೊರೆಯಬೇಕು. ಇಟ್ಟಿಗೆ ಗೋಡೆಯ ಸಂದುಗಳ ಹಾಗೆ ಒಂದು ಸಾಲಿನ ಸೀಳು ಮುಗಿಯುವ ಕಡೆ ಪಕ್ಕದ ಸಾಲಿನ ಸೀಳಿನ ನಡು ಬರಬೇಕು. ಆಗ ಸೀಳುಗಳ ನಡುವೆ ಸಣ್ಣ ಪಟ್ಟಿಗಳು ಉಳಿಯುತ್ತವೆ. ಹಾಳೆಯನ್ನು ಬಗ್ಗಿಸಿದಾಗ ನಿಜವಾಗಿ ಬಗ್ಗುವುದು ಹಲಗೆಯಲ್ಲ. ಈ ಪಟ್ಟಿಗಳು ತಿರುಚಿಕೊಳ್ಳುತ್ತವೆ. ಮೂವತ್ತು ಸಾಲುಗಳಿದ್ದು ಒಂದೊಂದು ಸಾಲು ಮೂರು ಡಿಗ್ರಿಯಷ್ಟೇ ತಿರುಗಿದರೂ ತೊಂಬತ್ತು ಡಿಗ್ರಿಯ ಮೂಲೆ ಸಿದ್ಧ. ಪಟ್ಟಿ ಉದ್ದವಿದ್ದಷ್ಟೂ ಸುಲಭವಾಗಿ ತಿರುಚುತ್ತದೆ, ಗಿಡ್ಡವಾದರೆ ಮುರಿಯುತ್ತದೆ. ಅಚ್ಚು ಬೇಡ, ಹಬೆ ಬೇಡ, ಪ್ರೆಸ್ಸೂ ಬೇಡ. ಹಲಗೆಯ ಹಿಂಬದಿಗೆ ಗರಗಸದಿಂದ ಸಾಲಾಗಿ ಗೀರು ಹಾಕಿ ಬಗ್ಗಿಸುವುದು ಬಡಿಗರಿಗೆ ಹಳೆಯ ವಿದ್ಯೆಯೇ. ಆದರೆ ಗರಗಸದ ಗೀರು ಒಂದು ಕಡೆ ಆಳವಾದರೆ ಹಲಗೆ ಅಲ್ಲೇ ಮುರಿಯುತ್ತದೆ. ಲೇಸರ್ ಕೂದಲಗಲದ ಸೀಳನ್ನು ನೂರಾರು ಬಾರಿ ಒಂದೇ ಅಳತೆಯಲ್ಲಿ ಹಾಕುತ್ತದೆ. ಮರ ಕತ್ತರಿಸಲು ಹೆಚ್ಚಾಗಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್.

ಹಾಗಿದ್ದರೆ ನಮ್ಮ ಕಲ್ಲಿಗೇ ಈ ಉಪಾಯ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಸುಣ್ಣದಕಲ್ಲು ಒತ್ತಡ ತಡೆಯುತ್ತದೆ, ಎಳೆತ ಮತ್ತು ತಿರುಚನ್ನು ತಡೆಯದು. ಈ ಲೇಸರ್ ಅದರ ಮೇಲೆ ಅಕ್ಷರವನ್ನೋ ಚಿತ್ರವನ್ನೋ ಬಿಳಿಚಾಗಿ ಮೂಡಿಸಬಲ್ಲದೇ ಹೊರತು ಆರುಪಾರು ಸೀಳಲಾರದು. ಕಲ್ಲನ್ನು ಸೀಳುವುದಕ್ಕೆ ನೀರಿನ ಜೆಟ್ ಇದೆ, ಸೀಳಿದ ಮೇಲೂ ಕಲ್ಲು ಬಾಗದು. ಇನ್ನು ಹೀಗೆ ಬಾಗಿಸಿದ ಹಲಗೆಯ ಬಾಳಿಕೆಯ ಮಾತು. ಈ ಆಕ್ಷೇಪದಲ್ಲಿ ಸತ್ಯವಿದೆ. ಸೀಳಿದ ಭಾಗ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಚೂಪಾದ ತುದಿಯಿಂದ ಬಿರುಕು ಹೊರಡುತ್ತದೆ. ಕುರ್ಚಿಯ ಕಾಲಿಗೆ ಇದು ಸಲ್ಲದು. ಅಂಗಡಿ ಕೌಂಟರಿನ ಮುಂಭಾಗ, ದೀಪದ ಗೂಡು, ಪೆಟ್ಟಿಗೆ, ಕೋಣೆಯ ಅಡ್ಡತೆರೆಗೆ ಧಾರಾಳ ಸಾಕು, ಹಿಂದೆ ಆಧಾರದ ಪಟ್ಟಿ ಕೊಟ್ಟರೆ ಇನ್ನೂ ಗಟ್ಟಿ. ಹೊಗೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಕೂಡದು. ಪಿವಿಸಿ, ರೆಕ್ಸಿನ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಏಳುತ್ತದೆ, ಅವನ್ನು ಯಂತ್ರದ ಹತ್ತಿರವೂ ಬಿಡಬಾರದು. ಸಿಮೆಂಟ್ ಕಾರ್ಖಾನೆಯ ದೂಳು ಕುಡಿದೇ ಬದುಕಿದ ನಮ್ಮ ಊರುಗಳಿಗೆ ಇನ್ನೊಂದು ವಿಷ ಬೇಡ.

ಯಂತ್ರ ಬಂದರೆ ಬಡಿಗನ ಕೆಲಸ ಹೋಗುತ್ತದೆ ಎಂಬ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದುಡಿಮೆ ಕೈತಪ್ಪುವುದನ್ನು ಈ ಭಾಗ ಕಣ್ಣಾರೆ ಕಂಡಿದೆ. ಕುರಕುಂಟಾದಲ್ಲಿ 1970ರ ದಶಕದಲ್ಲಿ ಉತ್ಪಾದನೆಗಿಳಿದ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತೇಹೋಯಿತು. ಒಂದೇ ದೊಡ್ಡ ಚಿಮಣಿಯನ್ನು ನಂಬಿದ ಊರಿನ ಗತಿ ಏನಾಗುತ್ತದೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪರ್ಸಿಕಲ್ಲಿನ ಜಾಗವನ್ನೂ ಕಾರ್ಖಾನೆಯ ಟೈಲ್ಸ್ ಕಸಿಯುತ್ತಿದೆ. ಆದರೆ ಲೇಸರ್ ಯಂತ್ರ ಮಾಡುವುದು ಕತ್ತರಿಸುವ ಕೆಲಸವನ್ನಷ್ಟೇ. ಮರದ ಎಳೆ ಯಾವ ಕಡೆಗಿದೆ, ಯಾವ ಹಾಳೆ ತಾಳುತ್ತದೆ, ಎಲ್ಲಿ ಅಂಟು, ಎಲ್ಲಿ ಮೊಳೆ ಎಂಬ ತಿಳಿವಳಿಕೆ ಬಡಿಗನದೇ. ಅದಿಲ್ಲದವನು ಯಂತ್ರದ ಮುಂದೆ ಕೂತರೆ ಹಾಳೆಗಳು ಪುಡಿಯಾಗುತ್ತವೆ. ಈ ವಿದ್ಯೆ ಬಂದರೆ ಬಡಿಗನ ಕೂಲಿ ಇಳಿಯದು, ಕೆಲಸದ ಬಗೆ ಹೆಚ್ಚುತ್ತದೆ. ಒಬ್ಬೊಬ್ಬರೂ ಯಂತ್ರ ಕೊಳ್ಳಲು ಆಗದು, ಅದಕ್ಕೇ ಅದು ಊರಿನ ಸೊತ್ತಾಗಬೇಕು.

ಹಣವಿಲ್ಲ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ ತೆಗೆದಿಟ್ಟದ್ದು 5,000 ಕೋಟಿ ರೂಪಾಯಿ. ರಾಜ್ಯದ 150 ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿಯಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಇಂಥ ಕಡೆ ಯಂತ್ರಗಳು ತರಗತಿಯ ಗಂಟೆ ಮುಗಿದ ಮೇಲೆ ಬೀಗದೊಳಗೆ ಕೂರಬಾರದು. ಮಂಡಳಿ ತನ್ನ ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇಡಂಗೆ ಹೊಗೆ ಹೊರಹಾಕುವ ವ್ಯವಸ್ಥೆ ಇರುವ ಒಂದು ಲೇಸರ್ ಕಾರ್ಯಾಗಾರವನ್ನು, ಕನ್ನಡದಲ್ಲಿ ಕಲಿಸುವ ಒಬ್ಬ ತರಬೇತುದಾರರನ್ನು ಮಂಜೂರು ಮಾಡಲಿ. ಸಂಜೆ ಹೊತ್ತು ಅದು ಕುರಕುಂಟಾ, ವಾಡಿ, ಚಿಂಚೋಳಿಯ ಬಡಿಗರಿಗೂ ಬೋರ್ಡು ಬರೆಯುವವರಿಗೂ ಕಡಿಮೆ ಬಾಡಿಗೆಗೆ ತೆರೆದಿರಲಿ. ಈ ಭಾಗದ ಶಾಸಕರು ಈ ಬೇಡಿಕೆಯನ್ನು ಮಂಡಳಿಯ ಸಭೆಗೆ ಒಯ್ಯಬೇಕು.