ಇಂಜಿನ್ನಿನೊಳಗೆ ಉಳಿದ ನೀರು

ವಿದ್ಯಾನಗರದಲ್ಲಿ ಏಪ್ರಿಲ್ ತಿಂಗಳೆಂದರೆ ಮಾಳಿಗೆಯ ಮೇಲಿನ ನೀರಿನ ಟಾಕಿ ಕಾಯ್ದು, ಮಧ್ಯಾಹ್ನ ನಳದಿಂದ ಬಿಸಿನೀರೇ ಸುರಿಯುವ ಕಾಲ. ಅಂಥ ಏಪ್ರಿಲ್ ತಿಂಗಳಲ್ಲಿ ನೀರು ಹೆಪ್ಪುಗಟ್ಟಿ ಕಬ್ಬಿಣವನ್ನು ಸೀಳಿತೆಂದು ಬರೆಯಹೊರಟರೆ ವಾಚಕರು ನಕ್ಕಾರು. ಆದರೂ ಈ ತಿಂಗಳು ನಾವು ಹೇಳಬೇಕೆಂದಿರುವುದು ಅದನ್ನೇ. ನಮ್ಮ ಬಡಾವಣೆಯಲ್ಲಿ ಭೂಮರೆಡ್ಡಿ ಇಂಜಿನಿಯರಿಂಗ್ ಕಾಲೇಜು ೧೯೪೭ರಲ್ಲಿ ಆರಂಭವಾದಂದಿನಿಂದ ಎಷ್ಟೋ ಮನೆಗಳ ಮಕ್ಕಳು ಯಂತ್ರವಿದ್ಯೆಯನ್ನು ಕಲಿತು ದೂರದ ಶೀತದೇಶಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬಂತೆ ಇರುವ ಮನೆಗಳೂ ಹಲವು. ನಮ್ಮದೂ ಅಂಥದೊಂದು ಮನೆ. ಆದುದರಿಂದ ಅಲ್ಲಿ ನಮ್ಮ ಕಣ್ಣೆದುರಿಗೇ ನಡೆದ ಒಂದು ನಷ್ಟದ ಸಂಗತಿ ಇಲ್ಲಿಯ ಓದುಗರಿಗೂ ಉಪಯೋಗವಾದೀತೆಂಬ ನಂಬಿಕೆ ನಮಗಿದೆ.

ನಮ್ಮ ಮಗ ಇರುವುದು ಅಮೆರಿಕೆಯ ಮಿಶಿಗನ್ ರಾಜ್ಯದಲ್ಲಿ. ಅಲ್ಲಿಯ ಐದು ಮಹಾಸರೋವರಗಳಲ್ಲಿ ನಾಲ್ಕು ಆ ರಾಜ್ಯದ ಅಂಚಿಗೆ ತಾಗಿಕೊಂಡಿವೆ. ಒಳನಾಡಿನ ಕೆರೆಗಳಂತೂ ಸಾವಿರಾರು. ನಮ್ಮಲ್ಲಿ ಮನೆಗೊಂದು ಸ್ಕೂಟರ್ ಇರುವಂತೆ ಅಲ್ಲಿ ಅನೇಕ ಮನೆಗಳ ಮುಂದೆ ಟ್ರೇಲರಿನ ಮೇಲೊಂದು ದೋಣಿ ನಿಂತಿರುತ್ತದೆ. ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ತಿರುಗಾಡಿ ಬೆಳೆದ ನಮ್ಮ ಮಗನಿಗೂ ಆ ಆಸೆ ಹುಟ್ಟಿತು. ಅಲ್ಲಿಯ ಮೂರು ಕನ್ನಡ ಕುಟುಂಬಗಳು ಹಣ ಕೂಡಿಸಿ ಹಳೆಯದೊಂದು ಇಂಜಿನ್ ದೋಣಿಯನ್ನು ಕೊಂಡವು. ಮೂರು ಮನೆಗಳ ಮಕ್ಕಳಿಗೂ ಬೇಸಿಗೆಯ ಶನಿವಾರಗಳೆಲ್ಲ ಅದರಲ್ಲಿಯೇ ಕಳೆಯುತ್ತಿದ್ದವು.

ಕಾರಿನ ಇಂಜಿನ್ನಿಗೂ ಇಂಥ ದೋಣಿಯ ಇಂಜಿನ್ನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾರಿನಲ್ಲಿ ತಂಪು ಮಾಡುವ ದ್ರವವು ರೇಡಿಯೇಟರಿನಿಂದ ಇಂಜಿನ್ನಿಗೆ, ಅಲ್ಲಿಂದ ಮರಳಿ ರೇಡಿಯೇಟರಿಗೆ ಒಳಗೊಳಗೇ ಸುತ್ತುತ್ತಿರುತ್ತದೆ. ಸಿಹಿನೀರಿನ ಕೆರೆಗಳಲ್ಲಿ ಓಡಾಡುವ ಅನೇಕ ದೋಣಿಗಳಿಗಾದರೋ ಕೆರೆಯೇ ರೇಡಿಯೇಟರ್. ಪಂಪು ಕೆರೆಯ ನೀರನ್ನೇ ಎಳೆದು ಇಂಜಿನ್ನಿನ ಸುತ್ತ ಹರಿಸಿ ಹೊರಗೆ ಚೆಲ್ಲುತ್ತದೆ. ಇಂಜಿನ್ ನಿಂತ ಮೇಲೂ ಅದರ ಹೊಟ್ಟೆಯೊಳಗೆ, ಹೊಗೆ ಹೋಗುವ ಮ್ಯಾನಿಫೋಲ್ಡಿನಲ್ಲಿ, ರಬ್ಬರ್ ಪೈಪುಗಳಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ.

ಆ ನೀರೇ ಶತ್ರು. ಸಾಮಾನ್ಯವಾಗಿ ಪದಾರ್ಥಗಳೆಲ್ಲ ತಣ್ಣಗಾದಂತೆ ಕುಗ್ಗುತ್ತವೆ. ನೀರು ಮಾತ್ರ ನಾಲ್ಕು ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗಿ, ಅದಕ್ಕಿಂತ ಕೆಳಗಿಳಿದರೆ ಹಿಗ್ಗತೊಡಗುತ್ತದೆ. ಗಡ್ಡೆಯಾಗುವಾಗ ಸುಮಾರು ಶೇಕಡಾ ೯ರಷ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ತುಂಬಿದ ಗಾಜಿನ ಬಾಟಲಿಯನ್ನು ಮರೆತು ಫ್ರೀಜರಿನಲ್ಲಿಟ್ಟು ಒಡೆದುಕೊಂಡ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೀಡುಕಬ್ಬಿಣದ ಇಂಜಿನ್ ನೋಡಲು ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಬಾಗುವ ಗುಣವಿಲ್ಲ. ಒಳಗಿನ ಒತ್ತಡ ಮಿತಿಮೀರಿದರೆ ಅದು ಸೀಳುತ್ತದೆ.

ಈ ಕಾರಣದಿಂದ ಅಲ್ಲಿಯವರು ಚಳಿಗಾಲಕ್ಕೆ ಮುಂಚೆಯೇ ನೀರನ್ನು ಬಸಿದು, ಹೆಪ್ಪುಗಟ್ಟದ ದ್ರಾವಣವನ್ನು ತುಂಬಿ ದೋಣಿಯನ್ನು ಮಲಗಿಸುತ್ತಾರೆ. ಜನವರಿಯ ಕಡುಚಳಿಯಲ್ಲಿ ಇಂಜಿನ್ನಿಗೆ ಅಪಾಯವಿಲ್ಲ, ಏಕೆಂದರೆ ಅದು ಸಿದ್ಧವಾಗಿರುತ್ತದೆ. ಅಪಾಯವಿರುವುದು ವಸಂತದಲ್ಲಿ. ನಾಲ್ಕು ದಿನ ಬಿಸಿಲು ಬಿದ್ದೊಡನೆ ಜನ ಹಿಗ್ಗಿ, ಆ ರಕ್ಷಣೆಯನ್ನೆಲ್ಲ ತೆಗೆದುಹಾಕಿ ಇಂಜಿನ್ನಿಗೆ ನೀರು ತೋರಿಸುತ್ತಾರೆ. ಆಮೇಲೆ ಹಿಂದಿರುಗಿ ಬರುವ ಒಂದೇ ಒಂದು ರಾತ್ರಿಯ ಚಳಿ ಸಾಕು. ೨೦೧೨ರ ಮಾರ್ಚ್ ತಿಂಗಳಲ್ಲಿ ಮಿಶಿಗನ್ನಿನಲ್ಲಿ ಬೇಸಿಗೆಯಂಥ ಬಿಸಿಲು ಬಂದು ಹಣ್ಣಿನ ಗಿಡಗಳೆಲ್ಲ ಅಕಾಲದಲ್ಲಿ ಹೂಬಿಟ್ಟವು. ಏಪ್ರಿಲಿನ ಹಿಮ ಆ ಹೂಗಳನ್ನು ಸುಟ್ಟು, ಆ ವರ್ಷದ ಸೇಬು ಮತ್ತು ಚೆರಿ ಹಣ್ಣುಗಳ ಬೆಳೆ ಬಹುಪಾಲು ನಾಶವಾಯಿತು. ಹೂವಿಗೆ ಆದುದೇ ಇಂಜಿನ್ನಿಗೂ ಆಗುತ್ತದೆ.

ನಾವು ಅಲ್ಲಿದ್ದ ವರ್ಷ ಏಪ್ರಿಲ್ ನಡುವಿನಲ್ಲಿ ಒಂದು ವಾರ ಹಿತವಾದ ಬಿಸಿಲು ಬಿದ್ದಿತು. ಮಗನೂ ಅವನ ಗೆಳೆಯರೂ ದೋಣಿಯನ್ನು ಹೊರಗೆಳೆದರು. ತೋಟದ ಪೈಪಿನಿಂದ ನೀರು ಕೊಟ್ಟು ಇಂಜಿನ್ ನಡೆಸಿ ನೋಡಿದರು. ಅದು ಚೆನ್ನಾಗಿ ನಡೆಯಿತು. ಮುಂದಿನ ಶನಿವಾರ ಕೆರೆಗಿಳಿಸುವುದೆಂದು ನಿಶ್ಚಯಿಸಿ ಮನೆಯ ಮುಂದೆಯೇ ನಿಲ್ಲಿಸಿದರು. ಗುರುವಾರ ಸಂಜೆ ಪಕ್ಕದ ಮನೆಯ ವೃದ್ಧರು ಬಾಗಿಲು ತಟ್ಟಿ, ಆ ರಾತ್ರಿ ಶೂನ್ಯಕ್ಕಿಂತ ಏಳು ಡಿಗ್ರಿ ಕೆಳಗೆ ಇಳಿಯುವುದೆಂದು ರೇಡಿಯೋದಲ್ಲಿ ಹೇಳಿದ್ದಾರೆ, ದೋಣಿಯ ನೀರು ಬಸಿದಿರಾ ಎಂದು ವಿಚಾರಿಸಿದರು. ಮಗ ಗೆಳೆಯರಿಬ್ಬರಿಗೂ ಫೋನು ಮಾಡಿದ. ಇಬ್ಬರೂ, ಉಳಿದವರು ಬಸಿದಿರಬಹುದೆಂದು ತಿಳಿದಿದ್ದರು.

ಕತ್ತಲಾಗಿತ್ತು. ಮಗ ಪಾನಾ ಹಿಡಿದು ಇಂಜಿನ್ನಿನ ಮೇಲೆ ಬಗ್ಗಿದ. ಬ್ಯಾಟರಿ ಹಿಡಿದು ಬೆಳಕು ತೋರಿಸುವ ಕೆಲಸ ನಮ್ಮದಾಯಿತು. ಎಡಮಗ್ಗುಲಿನ ತಿರುಪನ್ನು ಬಿಚ್ಚಿದೊಡನೆ ನೀರು ದಬದಬ ಸುರಿಯಿತು. ಬಲಮಗ್ಗುಲಿನದನ್ನು ಬಿಚ್ಚಿದರೆ ಎರಡು ಹನಿ ಮಾತ್ರ ಬಿದ್ದವು.

"ಅಪ್ಪಾ, ಈ ಕಡೆ ನೀರು ಬರವಲ್ಲದು. ಖಾಲಿ ಆಗೇತಿ ಅನಸ್ತದ," ಎಂದ.

"ಆಗಿರಬೇಕು ಬಿಡೋ ತಮ್ಮಾ. ಥಂಡಿ ಭಾಳ ಆತು, ಒಳಗ ಬಾ," ಎಂದೆವು ನಾವು.

ಶನಿವಾರ ಮತ್ತೆ ಬಿಸಿಲು ಬಂದಿತು. ಕೆರೆಗೆ ಹೋಗುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಪೈಪು ಹಚ್ಚಿ ಇಂಜಿನ್ ನಡೆಸಿದರು. ಬಲಮಗ್ಗುಲಿನಲ್ಲಿ, ಮ್ಯಾನಿಫೋಲ್ಡಿನ ಕೆಳಗೆ, ಗೇಣುದ್ದದ ಕೂದಲೆಳೆಯಂಥ ಗೆರೆಯೊಂದರಿಂದ ನೀರು ಜಿನುಗುತ್ತಿತ್ತು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರೆ ಅದಕ್ಕಂಟಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನೀರು ಎಣ್ಣೆಯೊಳಗೂ ಸೇರಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕಾರಣ ಬಹಳ ಸಣ್ಣದು. ಹಳೆಯ ಇಂಜಿನ್ನಿನೊಳಗೆ ತುಕ್ಕು ಮತ್ತು ಕೆರೆಯ ಮರಳು ಶೇಖರವಾಗಿ ಬಸಿಯುವ ರಂಧ್ರವನ್ನು ಮುಚ್ಚಿಕೊಂಡಿರುತ್ತವೆ. ನೀರು ಬಾರದಿದ್ದುದು ಒಳಗೆ ನೀರಿಲ್ಲವೆಂದಲ್ಲ, ಅದಕ್ಕೆ ಹಾದಿ ಇರಲಿಲ್ಲವೆಂದು. ಒಂದು ಗಟ್ಟಿ ತಂತಿಯನ್ನು ತೂರಿಸಿ ಎರಡು ಸಲ ಕೆದಕಿದ್ದರೆ ಅರ್ಧ ನಿಮಿಷದಲ್ಲಿ ಇಂಜಿನ್ ಉಳಿಯುತ್ತಿತ್ತು.

ದೋಣಿಗೆ ಕೊಟ್ಟ ಬೆಲೆಯ ಅರ್ಧಕ್ಕೂ ಮಿಕ್ಕಿದ ಹಣ ಇಂಜಿನ್ ಬದಲಾಯಿಸಲು ಬೇಕಾಗಿತ್ತು. ವಿಮೆಯ ಪತ್ರವನ್ನು ತೆಗೆದು ಓದಿದಾಗ, ಹೆಪ್ಪುಗಟ್ಟಿ ಆದ ಹಾನಿಗೆ ಪರಿಹಾರವಿಲ್ಲವೆಂಬ ವಾಕ್ಯ ಸಣ್ಣ ಅಕ್ಷರಗಳಲ್ಲಿತ್ತು. ಆ ಸಂಜೆ ಮೂರೂ ಕುಟುಂಬಗಳು ಊಟಕ್ಕೆ ಕೂಡಿದಾಗ ಎಲೆಯ ಮುಂದೆ ಮಾತೇ ಇರಲಿಲ್ಲ. ಯಾರು ಬಸಿಯಬೇಕಾಗಿತ್ತು, ಯಾರ ಮನೆಯ ಮುಂದೆ ದೋಣಿ ನಿಂತಿತ್ತು ಎಂಬ ಲೆಕ್ಕ ಎಲ್ಲರ ಮನಸ್ಸಿನಲ್ಲಿಯೂ ನಡೆದಿತ್ತು. ಹತ್ತು ವರ್ಷಗಳ ಗೆಳೆತನ ಆ ಕೂದಲೆಳೆಯ ಗೆರೆಯಲ್ಲಿಯೇ ಸೀಳುವುದೇನೋ ಎಂದು ನಮಗೆ ಭಯವಾಯಿತು. ಕೊನೆಗೆ ನಾವೇ, "ಬ್ಯಾಟರಿ ಹಿಡಿದವರು ನಾವು. ಸಾಕು, ಒಳಗೆ ಬಾ ಎಂದು ಕರೆದವರೂ ನಾವು. ಹುಡುಗರ ತಪ್ಪಿನಲ್ಲಿ ಹಿರಿಯರ ಪಾಲೂ ಇದೆ," ಎಂದು ಹೇಳಿದೆವು. ಆ ಮಾತಿನಿಂದ ಹಣವೇನೂ ಉಳಿಯಲಿಲ್ಲ, ಆದರೆ ಮಿಕ್ಕವರೂ ತಮ್ಮ ತಮ್ಮ ಪಾಲನ್ನು ಒಪ್ಪಿಕೊಂಡರು. ಖರ್ಚು ಮೂರು ಭಾಗವಾಯಿತು. ಜುಲೈ ತಿಂಗಳಲ್ಲಿ ದೋಣಿ ಮತ್ತೆ ನೀರಿಗಿಳಿಯಿತು.

ಅಂದಿನಿಂದ ಕಲಿತುದನ್ನು ಶೀತದೇಶಗಳಲ್ಲಿ ಮಕ್ಕಳಿರುವ ಬಂಧುಗಳಿಗಾಗಿ ಇಲ್ಲಿ ಸಂಗ್ರಹಿಸಿ ಕೊಡುತ್ತೇವೆ.

ಒಂದನೆಯದಾಗಿ, ಇಂಜಿನ್ನಿಗೆ ಒಮ್ಮೆ ನೀರು ತೋರಿಸಿದ ಮೇಲೆ, ಹಿಮ ಬೀಳುವ ಕಾಲ ಪೂರ್ತಿ ಕಳೆಯುವವರೆಗೆ ಪ್ರತಿ ಸಲವೂ ಬಸಿದಿಡಬೇಕು. ಇಂಜಿನ್ನಿನ ಎರಡೂ ಮಗ್ಗುಲು, ಮ್ಯಾನಿಫೋಲ್ಡು, ಪಂಪಿಗೆ ಸೇರುವ ತಗ್ಗಿನ ಪೈಪು, ಈ ಎಲ್ಲವನ್ನೂ ಬಿಚ್ಚಬೇಕು. ನೀರು ಬಾರದಿದ್ದರೆ ತಂತಿಯಿಂದ ಕೆದಕದೆ ಬಿಡಬಾರದು. ತಿರುಪುಗಳು ಎಲ್ಲೆಲ್ಲಿವೆ ಎಂಬುದನ್ನು ಆ ಇಂಜಿನ್ನಿನ ಕೈಪಿಡಿಯಲ್ಲಿಯೇ ನೋಡಿಕೊಳ್ಳಬೇಕು.

ಎರಡನೆಯದಾಗಿ, ಹೆಪ್ಪುಗಟ್ಟದ ದ್ರಾವಣವನ್ನು ಹಾಕುವುದಾದರೆ ನೀರನ್ನು ಬಸಿದ ಮೇಲೆಯೇ ಹಾಕಬೇಕು. ಉಳಿದ ನೀರಿನೊಡನೆ ಬೆರೆತರೆ ಅದರ ಶಕ್ತಿ ಕುಂದುತ್ತದೆ. ಕೆರೆಗೆ ಚೆಲ್ಲಿಹೋಗುವ ಇಂಥ ಇಂಜಿನ್ನುಗಳಿಗಾಗಿ ಪ್ರೊಪಿಲೀನ್ ಗ್ಲೈಕಾಲಿನ ದ್ರಾವಣ ಸಿಗುತ್ತದೆ. ಕಾರುಗಳಿಗೆ ಬಳಸುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಅದನ್ನು ಇಡಬೇಕು.

ಮೂರನೆಯದಾಗಿ, ಟ್ರೇಲರಿನ ಮೇಲೆ ನಿಂತ ದೋಣಿ ನೀರಿನಲ್ಲಿ ತೇಲುವ ದೋಣಿಗಿಂತ ಬೇಗ ತಣ್ಣಗಾಗುತ್ತದೆ. ಹೆಪ್ಪುಗಟ್ಟದ ಕೆರೆಯ ನೀರು ಕೆಳಗಿನಿಂದ ಒಂದಿಷ್ಟು ಬಿಸುಪನ್ನು ಕೊಡುತ್ತಿರುತ್ತದೆ, ನೆಲದ ಮೇಲಿನ ದೋಣಿಗೆ ಸುತ್ತಲೂ ತಣ್ಣನೆಯ ಗಾಳಿಯೇ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ವಿಶೇಷ ಎಚ್ಚರ ಬೇಕು.

ನಾಲ್ಕನೆಯದಾಗಿ, ಬೆಚ್ಚಗಿಡಲೆಂದು ಇಂಜಿನ್ನಿನ ಬಳಿ ವಿದ್ಯುತ್ ದೀಪವನ್ನೋ ಮನೆಯ ಹೀಟರನ್ನೋ ಇಡುವ ಸಾಹಸ ಬೇಡ. ದೋಣಿಯ ತಳದಲ್ಲಿ ಪೆಟ್ರೋಲಿನ ಆವಿ ನಿಂತಿರುತ್ತದೆ, ಒಂದು ಕಿಡಿ ಸಾಕು. ದೋಣಿಗಾಗಿಯೇ ತಯಾರಿಸಿದ ಹೀಟರುಗಳು ಉಂಟು. ಆದರೆ ಬಿರುಗಾಳಿಯ ರಾತ್ರಿ ವಿದ್ಯುತ್ ಹೋದರೆ ಅವೂ ನಿರುಪಯೋಗಿ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ನಡೆಸುವುದಂತೂ ವಿಷಾನಿಲದಿಂದ ಪ್ರಾಣಕ್ಕೇ ಎರವು.

ಐದನೆಯದಾಗಿ, ಹಿಂಬದಿಗೆ ತೂಗುಹಾಕುವ ಇಂಜಿನ್ನುಗಳನ್ನು ನೇರವಾಗಿ ಕೆಳಗಿಳಿಸಿ ನಿಲ್ಲಿಸಿದರೆ ನೀರು ತಾನಾಗಿಯೇ ಬಸಿಯುತ್ತದೆ, ವಾಲಿಸಿ ಎತ್ತಿಟ್ಟರೆ ನಿಂತೇ ಇರುತ್ತದೆ. ಬ್ಯಾಟರಿಯನ್ನೂ ಪೂರ್ಣ ಚಾರ್ಜು ಮಾಡಿಡಬೇಕು. ಬರಿದಾದ ಬ್ಯಾಟರಿಯ ದ್ರವವೂ ಹೆಪ್ಪುಗಟ್ಟಿ ಅದರ ಡಬ್ಬಿಯನ್ನು ಒಡೆಯಬಲ್ಲದು.

ಹುಬ್ಬಳ್ಳಿಯಲ್ಲಿಯೇ ಇರುವವರಿಗೂ ಇದರಲ್ಲಿ ಒಂದು ಮಾತಿದೆ. ನಮ್ಮಲ್ಲಿ ಕಾರಿನ ರೇಡಿಯೇಟರಿಗೆ ಬರಿಯ ನಳದ ನೀರು ತುಂಬುವ ರೂಢಿ ಇನ್ನೂ ಹೋಗಿಲ್ಲ. ನಮ್ಮ ಹವೆಯಲ್ಲಿ ಅದು ತುಕ್ಕು ಹಿಡಿಸುವುದಲ್ಲದೆ ಹೆಪ್ಪುಗಟ್ಟದು, ನಿಜ. ಆದರೆ ಅದೇ ಕಾರಿನಲ್ಲಿ ಹಿಮಾಲಯದ ಯಾತ್ರೆಗೋ ಲಡಾಖಿಗೋ ಹೊರಡುವ ಕುಟುಂಬಗಳು ಈಚೆಗೆ ಹೆಚ್ಚುತ್ತಿವೆ. ಹೊರಡುವ ಮೊದಲು ಆ ನೀರನ್ನು ಪೂರ್ತಿ ತೆಗೆಸಿ, ಕೂಲಂಟ್ ಹಾಗೂ ಶುದ್ಧೀಕರಿಸಿದ ನೀರನ್ನು ಅರ್ಧರ್ಧ ಬೆರೆಸಿ ತುಂಬಿಸಿಕೊಳ್ಳಬೇಕು. ಹಾಗೆ ಮಾಡಿದರೆ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಗೂ ಅದು ಹೆಪ್ಪುಗಟ್ಟದು.

ಈಗ ಮಗನ ಮನೆಯ ದೋಣಿಯ ಚಕ್ರದ ಪಕ್ಕದಲ್ಲಿ ಒಂದು ರಟ್ಟಿನ ಚೀಟಿ ತೂಗುತ್ತದೆ. ನೀರು ಬಸಿದವರು ಯಾರು, ಯಾವ ದಿನ, ಎರಡೂ ಮಗ್ಗುಲಿಗೆ ತಂತಿ ಹಾಕಿ ನೋಡಿದರೋ ಇಲ್ಲವೋ, ಇಷ್ಟನ್ನೂ ಬರೆದು ಸಹಿ ಮಾಡದೆ ಯಾರೂ ಮನೆಗೆ ಹೋಗುವಂತಿಲ್ಲ. ಅದನ್ನು ಬರೆದು ತೂಗುಹಾಕಿದವಳು ನಮ್ಮ ಸೊಸೆ. ಮೂವರು ಇಂಜಿನಿಯರುಗಳಿಗೆ ಹೊಳೆಯದ ಉಪಾಯ ಒಂದು ರಟ್ಟಿನ ತುಂಡಿನಲ್ಲಿ ಮುಗಿಯಿತು. ಹತ್ತು ಜನರ ಆಸ್ತಿಯೆಂದರೆ ಯಾರ ಆಸ್ತಿಯೂ ಅಲ್ಲವೆಂಬಂತೆ ನಡೆಯುವುದು ದೋಣಿಯೊಂದರ ಸಂಗತಿಯಲ್ಲ. ಓಣಿಯ ಬೋರ್‌ವೆಲ್ಲಿಗೂ, ಅಪಾರ್ಟ್‌ಮೆಂಟಿನ ಲಿಫ್ಟಿಗೂ, ಅಣ್ಣತಮ್ಮಂದಿರ ಕೂಡುಹೊಲದ ಪಂಪ್‌ಸೆಟ್ಟಿಗೂ ಅಂಥದೊಂದು ಚೀಟಿ ಇದ್ದರೆ ಎಷ್ಟೋ ಖರ್ಚು ಉಳಿದೀತು. ಎಷ್ಟೋ ಮನಸ್ಸುಗಳೂ ಸೀಳದೆ ಉಳಿದಾವು.